ಜರ್ಮನಿಯ ಲ್ಯಾಂಡ್‌ಲೈನಿನಲ್ಲಿ ಊರಿನ ನಂಬರಿನ ಮುಂದೆ 010 ಯಾಕೆ ಒತ್ತುತ್ತಿದ್ದರು? ಈಗಲೂ ಒತ್ತಿದರೆ ಕಾಲ್ ಅಗ್ಗವೇ?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಇಲ್ಲ. 010 ಒತ್ತಿ ಕರೆಗೊಂದು ಅಗ್ಗದ ಕಂಪನಿ ಆರಿಸುವ ಆ ವ್ಯವಸ್ಥೆ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗ ಆ ಅಂಕಿ ಒತ್ತಿದರೆ ಕಾಲ್ ಹೋಗುವುದಿಲ್ಲ, ಅಷ್ಟೇ.

ನೀವು ಬರೆದದ್ದು ಹೀಗಿದೆ: ಸ್ಟುಟ್‌ಗಾರ್ಟ್‌ನಲ್ಲಿ ಬಹಳ ವರ್ಷ ಇದ್ದ ಮಾವ ಊರಿಗೆ ವಾಪಸಾಗುವಾಗ ಫೋನ್ ಡೈರಿ ನಿಮ್ಮ ಕೈಗೆ ಕೊಟ್ಟಿದ್ದಾರೆ. ಅದರಲ್ಲಿ ಊರಿನ ಪ್ರತಿ ನಂಬರಿನ ಮುಂದೆ 010ರಿಂದ ಶುರುವಾಗುವ ಐದಾರು ಅಂಕಿಗಳಿವೆ, ಅದನ್ನು ಹೊಡೆದುಹಾಕಿ ಇನ್ನೊಂದು, ಅದನ್ನೂ ಹೊಡೆದುಹಾಕಿ ಮತ್ತೊಂದು. ಅಜ್ಜಿಯ ಹತ್ತಿರ ಇರುವುದು ಲ್ಯಾಂಡ್‌ಲೈನ್ ಮಾತ್ರ, ವಾಟ್ಸಾಪ್ ಮಾತಿಲ್ಲ. ಆ ಹೊಡೆದುಹಾಕಿದ ಗೆರೆಗಳ ಬಗ್ಗೆ ಓದಿ ನಗು ಬಂತು. ನನ್ನ ಹಳೆಯ ಡೈರಿಯೂ ಹಾಗೇ ಇದೆ.

ಅದಕ್ಕೆ ಅಲ್ಲಿ ಕಾಲ್-ಬೈ-ಕಾಲ್ ಎಂದೇ ಹೆಸರು. ಜರ್ಮನ್ನರೂ ಇಂಗ್ಲಿಷಿನಲ್ಲೇ ಕರೆಯುತ್ತಿದ್ದರು. 1998ರ ಜನವರಿ 1ರವರೆಗೆ ಜರ್ಮನಿಯಲ್ಲಿ ಮನೆ ಫೋನ್ ಎಂದರೆ ಡಾಯ್ಚೆ ಟೆಲಿಕಾಮ್ ಒಂದೇ, ನಮ್ಮಲ್ಲಿ ದೂರಸಂಪರ್ಕ ಇಲಾಖೆ ಇದ್ದ ಹಾಗೆ. ಆ ದಿನ ಮಾರುಕಟ್ಟೆ ತೆರೆಯಿತು. ಆದರೆ ಹೊಸ ಕಂಪನಿಗಳು ಪ್ರತಿ ಮನೆಗೂ ತಾಮ್ರದ ತಂತಿ ಎಳೆಯುವುದು ಆಗುವ ಮಾತಲ್ಲ. ಅದಕ್ಕೆ ಒಂದು ಉಪಾಯ ಮಾಡಿದರು. ತಂತಿ ಟೆಲಿಕಾಮಿನದೇ ಇರಲಿ, ತಿಂಗಳ ಬಾಡಿಗೆಯೂ ಅದಕ್ಕೇ ಹೋಗಲಿ. ಆದರೆ ಒಂದೊಂದು ಕರೆಯನ್ನೂ ಯಾರ ಮೂಲಕ ಕಳಿಸಬೇಕು ಎಂಬುದು ಫೋನ್ ಮಾಡುವವನ ಇಷ್ಟ. ಪ್ರತಿ ಕಂಪನಿಗೂ 010 ಆದಮೇಲೆ ಎರಡಂಕಿಯ ಗುರುತು. 01013 ಒತ್ತಿದರೆ ಟೆಲೆ2, 01019 ಒತ್ತಿದರೆ ಮೊಬಿಲ್‌ಕಾಮ್. ಈ ಮೊಬಿಲ್‌ಕಾಮ್ ಶುರುವಿನಲ್ಲೇ ನಿಮಿಷಕ್ಕೆ 19 ಫೆನ್ನಿಗ್ (ಆಗಿನ ಜರ್ಮನ್ ಪೈಸೆ) ಎಂದು ಸಾರಿ ದೊಡ್ಡ ಗದ್ದಲ ಎಬ್ಬಿಸಿತ್ತು. ಕೋಡಿನ ಅಂಕಿಯೂ 19, ದರವೂ 19. ಮರೆಯುವ ಹಾಗೇ ಇರಲಿಲ್ಲ. ಎರಡಂಕಿ ಸಾಲದೆ ಬಂದಾಗ 0100ರಿಂದ ಶುರುವಾಗುವ ಆರಂಕಿಯ ಕೋಡುಗಳೂ ಬಂದವು. ನಿಮ್ಮ ಮಾವನ ಡೈರಿಯಲ್ಲಿ ಐದೂ ಇವೆ, ಆರೂ ಇವೆ ಎಂದರೆ ಕಾರಣ ಇದೇ.

ಶಿರಸಿಯ ಒಂದು ಮನೆಗೆ ಫೋನ್ ಮಾಡಬೇಕೆಂದರೆ ಮೊದಲು ಕಂಪನಿಯ ಕೋಡ್, ಆಮೇಲೆ ಭಾರತದ 0091, ಆಮೇಲೆ ಸೊನ್ನೆ ಬಿಟ್ಟು ಶಿರಸಿಯ 8384, ಕೊನೆಗೆ ಮನೆ ನಂಬರ್. ಹತ್ತೊಂಬತ್ತು ಇಪ್ಪತ್ತು ಅಂಕಿ. ಟೆಲಿಕಾಮಿನ ಎಕ್ಸ್‌ಚೇಂಜು 010 ಕಂಡಕೂಡಲೇ ಕರೆಯನ್ನೂ ನಿಮ್ಮ ನಂಬರನ್ನೂ ಆ ಕಂಪನಿಯ ಜಾಲಕ್ಕೆ ದಾಟಿಸುತ್ತಿತ್ತು, ದಾಟಿಸಿದ್ದಕ್ಕೆ ಚಿಲ್ಲರೆ ಕಾಸು ಪಡೆಯುತ್ತಿತ್ತು. ಮುಂದಿನ ದಾರಿ ಆ ಕಂಪನಿಯದು. ಭಾರತಕ್ಕೆ ಹೋಗುವ ನಿಮಿಷಗಳನ್ನು ಅವರು ಎಪಿಎಂಸಿಯಲ್ಲಿ ಈರುಳ್ಳಿ ಕೊಂಡ ಹಾಗೆ ಸಗಟಿನಲ್ಲಿ ಕೊಳ್ಳುತ್ತಿದ್ದರು. ತಂತಿಯ ಖರ್ಚು, ಕಂಬದ ಖರ್ಚು, ರಿಪೇರಿಯವನ ಸಂಬಳ ಯಾವುದೂ ಅವರ ತಲೆ ಮೇಲೆ ಇರಲಿಲ್ಲ. ಅಗ್ಗವಾಗಿದ್ದದ್ದರ ಗುಟ್ಟು ಅದು.

ಇನ್ನೂ ಸೊಗಸಾದ ವಿಷಯ ಎಂದರೆ, ಬಹಳಷ್ಟು ಕಂಪನಿಗಳಿಗೆ ಹೆಸರು ನೋಂದಾಯಿಸುವುದೇ ಬೇಕಿರಲಿಲ್ಲ. ಒತ್ತಿ, ಮಾತಾಡಿ. ತಿಂಗಳ ಕೊನೆಗೆ ಟೆಲಿಕಾಮಿನ ಬಿಲ್ಲಿನಲ್ಲೇ ‘ಇತರ ಕಂಪನಿಗಳು’ ಎಂದು ಬೇರೆ ಲೆಕ್ಕ ಬರುತ್ತಿತ್ತು. ಟೆಲಿಕಾಮ್ ತನ್ನ ಪ್ರತಿಸ್ಪರ್ಧಿಗಳ ಪರವಾಗಿ ವಸೂಲಿ ಮಾಡಿ ಅವರಿಗೆ ಕೊಡುತ್ತಿತ್ತು. ಎದುರು ಅಂಗಡಿಯವನ ಉದ್ರಿಯನ್ನು ಶೆಟ್ಟರು ತಮ್ಮ ಖಾತೆ ಪುಸ್ತಕದಲ್ಲಿ ಬರೆದುಕೊಂಡ ಹಾಗೆ! ಇಷ್ಟವಿದ್ದು ಮಾಡಿದ್ದಲ್ಲ, ಕಾನೂನು ಮಾಡಿಸಿತ್ತು. ಊರೊಳಗಿನ ಕರೆಗೆ ಮಾತ್ರ ಈ ಸವಲತ್ತು ಬರಲು 2003ರ ಏಪ್ರಿಲ್ 25ರವರೆಗೆ ಕಾಯಬೇಕಾಯಿತು.

ನಾನು ನ್ಯೂರೆಂಬರ್ಗಿಗೆ ಬಂದದ್ದು 2005ರಲ್ಲಿ. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದಾಗ ರಾತ್ರಿ ಹನ್ನೊಂದಾಗುವುದನ್ನೇ ಕಾದು, ಕಾಲು ದರ ಶುರುವಾದಮೇಲೆ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಂತ ಪೈಕಿ ನಾನು. ಬೂತಿನ ಕೆಂಪು ಅಂಕಿ ಓಡುವುದನ್ನು ನೋಡುತ್ತಾ ಮಾತಾಡಿ ರೂಢಿ. ಇಲ್ಲಿ ಬಂದರೆ ಫೋನ್ ರೂಮಿನಲ್ಲೇ ಇದೆ, ಆದರೆ ಟೆಲಿಕಾಮಿನ ಸ್ವಂತ ದರದಲ್ಲಿ ಊರಿಗೆ ಹತ್ತು ನಿಮಿಷ ಮಾತಾಡಿದರೆ ಆ ವಾರದ ತರಕಾರಿ ದುಡ್ಡು ಹೋಯಿತು. ಜೊತೆಗಿದ್ದ ಧಾರವಾಡದ ಗೆಳೆಯ ಒಂದು ಚೀಟಿ ತಂದು ಫೋನಿಗೆ ಅಂಟಿಸಿದ. “ಇದನ್ನ ಒತ್ತಿ ಮಾತಾಡಪ್ಪಾ, ತಾಸುಗಟ್ಟಲೆ ಮಾತಾಡು” ಅಂದ. ನಿಮಿಷಕ್ಕೆ ಎರಡು ಸೆಂಟು. ಮೊದಲ ದಿನ ಆಯಿಯ ಹತ್ತಿರ ಮಾತಾಡುತ್ತಾ ಮಾತಾಡುತ್ತಾ ಕರು ಹಾಕಿದ ಎಮ್ಮೆಯ ಕಥೆಯನ್ನು ಎರಡು ಸಲ ಕೇಳಿದೆ. ಆಯಿಗೇ ಗಾಬರಿ: “ಸಾಕು ಇಡು ತಮಾ, ದುಡ್ಡು ಎಷ್ಟಾತೇನ.”

ಈಗ ಆ ಹೊಡೆದುಹಾಕಿದ ಗೆರೆಗಳ ವಿಷಯ. ಕಂಪನಿಗಳು ದರವನ್ನು ಯಾವಾಗ ಬೇಕಾದರೂ ಬದಲಾಯಿಸಬಹುದಿತ್ತು. ದೇಶದೊಳಗಿನ ಕರೆಗಂತೂ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಏಳಾದಮೇಲೆ ಇನ್ನೊಂದು. ಪತ್ರಿಕೆಗಳು ಚಿನ್ನ ಬೆಳ್ಳಿಯ ದರದ ಹಾಗೆ ದಿನಾ ಕೋಷ್ಟಕ ಹಾಕುತ್ತಿದ್ದವು: ಯಾವ ಹೊತ್ತಿಗೆ ಯಾವ ಕೋಡ್ ಅಗ್ಗ ಎಂದು. ಕೆಲವರ ವ್ಯಾಪಾರವೇ ಈ ಕೋಷ್ಟಕದ ಮೇಲೆ ನಿಂತಿತ್ತು. ಸ್ವಲ್ಪ ದಿನ ಎಲ್ಲರಿಗಿಂತ ಕಡಿಮೆ ದರ ಇಟ್ಟು ಪಟ್ಟಿಯ ತುದಿಗೇರುವುದು. ಜನ ಕೋಡನ್ನು ಚೀಟಿಯಲ್ಲಿ ಬರೆದು ಫೋನಿಗೆ ಅಂಟಿಸಿಕೊಳ್ಳುವುದು. ಆಮೇಲೆ ಸದ್ದಿಲ್ಲದೆ ದರ ಹತ್ತು ಹದಿನೈದು ಪಟ್ಟು ಏರಿಸುವುದು. ಚೀಟಿ ನಂಬಿದವನೇ ಅವರ ಲಾಭ.

ನಾನೂ ಚೀಟಿ ನಂಬಿದವನೇ. ಅಪ್ಪ ತೋಟದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ವರ್ಷ, ಎರಡು ವಾರ ದಿನಕ್ಕೆ ಅರ್ಧ ಗಂಟೆಯ ಹಾಗೆ ಊರಿಗೆ ಮಾತಾಡಿದೆ. ಡಾಕ್ಟರು ಏನಂದರು, ಆಪರೇಷನ್ ಇಲ್ಲೋ ಹುಬ್ಬಳ್ಳಿಯಲ್ಲೋ, ರಕ್ತ ಕೊಡುವವರು ಸಿಕ್ಕರೋ. ಆ ಹೊತ್ತಿನಲ್ಲಿ ಕೋಷ್ಟಕ ನೋಡುವ ತಲೆ ಯಾರಿಗಿರುತ್ತದೆ? ಏಳು ತಾಸಿನ ಮಾತು, ಎರಡು ಸೆಂಟಿನ ಲೆಕ್ಕದಲ್ಲಿ ಒಂಬತ್ತು ಯೂರೋ ಒಳಗೆ ಮುಗಿಯಬೇಕಿತ್ತು. ಬಿಲ್ಲು ಬಂದದ್ದು ನೂರಮೂವತ್ತೆಂಟು ಚಿಲ್ಲರೆ. ನಿಮಿಷಕ್ಕೆ 33 ಸೆಂಟು. ಕಂಪನಿಯ ಹೆಸರು ಬೇಡ. ಫೋನ್ ಮಾಡಿ ಜಗಳ ಆಡಿದೆ. ದರ ಬದಲಾದದ್ದನ್ನು ವೆಬ್‌ಸೈಟಿನಲ್ಲಿ ಹಾಕಿದ್ದೇವೆ ಎಂದು ಆ ಹೆಂಗಸು ತಣ್ಣಗೆ ಹೇಳಿದಳು. ಹಾಕಿದ್ದರು, ನಿಜ. ಕಾನೂನಿನ ಪ್ರಕಾರ ನನಗೆ ಮಾತೇ ಇರಲಿಲ್ಲ. ಅವತ್ತು ಡೈರಿಯಲ್ಲಿ ಆ ಕೋಡನ್ನು ಎಷ್ಟು ಒತ್ತಿ ಹೊಡೆದುಹಾಕಿದೆನೆಂದರೆ ಹಿಂದಿನ ಪುಟವೂ ಹರಿಯಿತು.

ಈ ಆಟಕ್ಕೆ ಲಗಾಮು ಬಿದ್ದದ್ದು 2012ರ ಆಗಸ್ಟ್ 1ಕ್ಕೆ. ಕರೆ ಜೋಡಿಸುವ ಮೊದಲು ನಿಮಿಷಕ್ಕೆ ಎಷ್ಟು ಎಂದು ದನಿಯಲ್ಲಿ ಹೇಳಲೇಬೇಕು ಎಂದು ಕಡ್ಡಾಯ ಮಾಡಿದರು. ಒಳ್ಳೆಯ ನಿಯಮವೇ. ಆದರೆ ಜರ್ಮನ್ ಅರೆಬರೆ ಬರುತ್ತಿದ್ದ ನಮ್ಮಂಥವರಿಗೆ ಅದರಲ್ಲೂ ಒಂದು ಪೀಕಲಾಟ: ಹತ್ತೊಂಬತ್ತಕ್ಕೆ ‘ನೊಯ್ನ್‌ಟ್ಸೇನ್’, ತೊಂಬತ್ತಕ್ಕೆ ‘ನೊಯ್ನ್‌ಟ್ಸಿಶ್’. ಗಡಿಬಿಡಿಯಲ್ಲಿ ಕೇಳಿದರೆ ಎರಡೂ ಒಂದೇ. ಗೆಳೆಯನೊಬ್ಬನ ಹೆಂಡತಿ ಆ ದನಿ ಬಂದಕೂಡಲೇ ಫೋನ್ ಇಟ್ಟುಬಿಡುತ್ತಿದ್ದಳಂತೆ, ಅತ್ತೆಯ ಮನೆಯಲ್ಲಿ ಯಾರೋ ಜರ್ಮನ್ ಹೆಂಗಸು ಎತ್ತಿದಳೆಂದು.

ಕೋಡ್ ಒತ್ತಲು ಸೋಮಾರಿತನ ಆದವರಿಗೆ ಬೇರೆ ದಾರಿಯೂ ಇತ್ತು. ಒಂದೇ ಕಂಪನಿಯನ್ನು ಕಾಯಂ ಆಗಿ ಆರಿಸಿಟ್ಟುಕೊಳ್ಳಬಹುದಿತ್ತು. ಇಲ್ಲವೇ ಫ್ರಿಟ್ಸ್‌ಬಾಕ್ಸ್ ರೌಟರಿನಲ್ಲಿ ‘0091ರಿಂದ ಶುರುವಾದ ನಂಬರಿಗೆ ಈ ಕೋಡ್ ತಾನಾಗಿ ಸೇರಿಸು’ ಎಂದು ನಿಯಮ ಬರೆದಿಡಬಹುದಿತ್ತು. ದರ ಏರಿದ್ದು ಗೊತ್ತಾಗದೇ ಹೋಗಲು ಅದು ಚೀಟಿಗಿಂತ ಒಳ್ಳೆಯ ಉಪಾಯ, ಬಿಡಿ.

ನಮ್ಮ ದೇಶದಲ್ಲಿ ಇದು ಇರಲಿಲ್ಲವೇ ಎಂದು ಕಾಮೆಂಟಿನಲ್ಲಿ ಒಬ್ಬರು ಕೇಳಿದ್ದಾರೆ, ಬಿಎಸ್ಸೆನ್ನೆಲ್‌ನ 95 ನೆನಪಿಸಿಕೊಂಡು. ಅದು ಬೇರೆ. ರಾಜ್ಯದೊಳಗಿನ ಹತ್ತಿರದ ಊರುಗಳಿಗೆ 0 ಬದಲು 95 ಒತ್ತುತ್ತಿದ್ದೆವು, ದರ ಕಡಿಮೆ ಬೀಳುತ್ತಿತ್ತು, ಆದರೆ ಕಂಪನಿ ಬದಲಾಗುತ್ತಿರಲಿಲ್ಲ. 2021ರ ಜನವರಿಯಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮೊದಲು 0 ಒತ್ತಬೇಕೆಂದು ಮಾಡಿದ್ದು ನಂಬರುಗಳ ಅಭಾವಕ್ಕೆ. ಅಗ್ಗಕ್ಕೂ ಅದಕ್ಕೂ ಸಂಬಂಧವಿಲ್ಲ. ಕಂಪನಿ ಆರಿಸುವ ಕೋಡನ್ನು ಎಸ್‌ಟಿಡಿ, ಐಎಸ್‌ಡಿ ಕರೆಗೆ ತರಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2002ರಲ್ಲಿ ಹೇಳಿತ್ತು, ಆದರೆ ಮನೆಮನೆಗೆ ಬರಲಿಲ್ಲ. ಆಮೇಲೆ ಅದರ ಹಂಗೂ ಉಳಿಯಲಿಲ್ಲ: 2006ರ ಮಾರ್ಚ್ 1ರಿಂದ ಬಿಎಸ್ಸೆನ್ನೆಲ್ ‘ಒನ್ ಇಂಡಿಯಾ’ ಎಂದು ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಮಾಡಿತು.

ಜರ್ಮನಿಯಲ್ಲೂ ಇದನ್ನು ಕೊಂದದ್ದು ಅಗ್ಗವೇ. ದೇಶದೊಳಗೆ ಎಷ್ಟಾದರೂ ಮಾತಾಡಿ ಎಂಬ ಫ್ಲಾಟ್ ಪ್ಲಾನುಗಳು ಬಂದಮೇಲೆ ಕೋಡ್ ಒತ್ತುವವರು ವಿದೇಶಕ್ಕೆ ಮಾತಾಡುವವರು ಮತ್ತು ವಯಸ್ಸಾದವರು ಮಾತ್ರ. 2021ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಹೊಸ ದೂರಸಂಪರ್ಕ ಕಾನೂನಿನಲ್ಲಿ ಟೆಲಿಕಾಮಿನ ಮೇಲಿದ್ದ ಕಡ್ಡಾಯ ಹೋಯಿತು, ವ್ಯವಸ್ಥೆ ಮತ್ತೆ ಮೂರು ವರ್ಷ ಎಳೆದು ನಿಂತಿತು.

ಇನ್ನು ನಿಮ್ಮ ಅಜ್ಜಿಯ ವಿಷಯ. ನಿಮ್ಮ ಮನೆಯ ಇಂಟರ್‌ನೆಟ್ ಜೊತೆ ಬಂದ ಲ್ಯಾಂಡ್‌ಲೈನಿನಲ್ಲಿ ‘ಫ್ಲಾಟ್’ ಎಂದು ಬರೆದಿದ್ದರೆ ಅದು ಜರ್ಮನಿಯ ಒಳಗೆ ಮಾತ್ರ. ಯೂರೋಪಿನ ಒಕ್ಕೂಟದ ದೇಶಗಳಿಗೆ ಮಾಡುವ ಕರೆಗೆ 2019ರಿಂದ ನಿಮಿಷಕ್ಕೆ 19 ಸೆಂಟಿನ ಮಿತಿ ಇದೆ, ತೆರಿಗೆ ಬೇರೆ. ಭಾರತಕ್ಕೆ ಆ ಮಿತಿಯೂ ಇಲ್ಲ. ಹಾಗಾಗಿ ನೇರವಾಗಿ 0091 ಒತ್ತುವ ಮೊದಲು ನಿಮ್ಮ ಕಂಪನಿಯ ದರಪಟ್ಟಿಯಲ್ಲಿ ಭಾರತ ಎಲ್ಲಿದೆ ನೋಡಿ. ಒಮ್ಮೆ ನೋಡಿದರೆ ಮತ್ತೆ ಒತ್ತಲಿಕ್ಕಿಲ್ಲ.

ನಾನು ಈಗ ಮಾಡುವುದು ಇಷ್ಟು: ಇಂಟರ್‌ನೆಟ್ ಫೋನ್ ಕಂಪನಿಯೊಂದರಲ್ಲಿ ಖಾತೆ ತೆರೆದು, ಹತ್ತು ಯೂರೋ ಹಾಕಿ, ಅದರ ವಿವರವನ್ನು ರೌಟರಿನಲ್ಲಿ ಎರಡನೇ ನಂಬರಾಗಿ ಸೇರಿಸಿದ್ದೇನೆ. 0091 ಇದ್ದ ಕರೆಯೆಲ್ಲ ಅದರಿಂದಲೇ ಹೋಗಲಿ ಎಂದು ನಿಯಮ. ಕೈಯಲ್ಲಿ ಹಿಡಿಯುವುದು ಅದೇ ಹಳೆಯ ಫೋನು. ಇದು ತಲೆಬಿಸಿ ಎನಿಸಿದರೆ ಮೊಬೈಲಿನಲ್ಲಿ ಲ್ಯಾಂಡ್‌ಲೈನಿಗೆ ಕರೆ ಮಾಡಲು ಬಿಡುವ ಆ್ಯಪ್ ಹಾಕಿಕೊಳ್ಳಿ. ಸ್ಕೈಪ್ ಹುಡುಕಬೇಡಿ, 2025ರ ಮೇ ತಿಂಗಳಲ್ಲಿ ಮುಚ್ಚಿತು. ಯಾವುದನ್ನೇ ಆರಿಸಿ, ನಿಮಿಷದ ದರ ಒಂದನ್ನೇ ನೋಡಬೇಡಿ. ಕರೆ ಜೋಡಿಸಿದ್ದಕ್ಕೆ ಬೇರೆ ಶುಲ್ಕ ಇದೆಯೋ, ಹಾಕಿದ ದುಡ್ಡು ಇಷ್ಟು ದಿನದಲ್ಲಿ ಮುಗಿಸಬೇಕೆಂದು ಇದೆಯೋ ನೋಡಿ. ಮೊದಲ ಸಲ ಒಂದೇ ನಿಮಿಷ ಮಾತಾಡಿ, ಉಳಿದ ದುಡ್ಡು ಎಷ್ಟು ಎಂದು ತೆಗೆದು ನೋಡಿ, ಆಮೇಲೆ ಎಮ್ಮೆಯ ಕಥೆ ಕೇಳಿ.

ಅಜ್ಜಿಯ ಮನೆ ಫೋನಿನಲ್ಲಿ ನಂಬರ್ ಕಾಣುವ ಡಬ್ಬಿ ಇದ್ದರೆ ಮೊದಲೇ ಹೇಳಿಡಿ. ಇಂಥ ಅಗ್ಗದ ದಾರಿಯಲ್ಲಿ ಬರುವ ಕರೆಗೆ ಕೆಲವೊಮ್ಮೆ ಯಾವುದೋ ಅಪರಿಚಿತ ನಂಬರ್ ಕಾಣುತ್ತದೆ. ಬ್ಯಾಂಕಿನ ಮೋಸದವರೆಂದು ಅವರು ಎತ್ತದೇ ಇರಬಹುದು. ನಮ್ಮ ಆಯಿ ಹಾಗೆ ಮೂರು ದಿನ ಎತ್ತಲಿಲ್ಲ.

ಇನ್ನೊಂದು. ಮಾವ ಡೈರಿಯ ಜೊತೆ ತಮ್ಮ ಫೋನನ್ನೋ ರೌಟರನ್ನೋ ಬಿಟ್ಟುಹೋಗಿದ್ದರೆ, ಅದರ ಮೆಮೊರಿಯಲ್ಲಿ ಉಳಿಸಿಟ್ಟ ನಂಬರುಗಳ ಮುಂದೆಯೂ 010 ಇರಬಹುದು, ರೌಟರಿನಲ್ಲಿ ಅದನ್ನು ತಾನಾಗಿ ಸೇರಿಸುವ ನಿಯಮವೂ ಇರಬಹುದು. “ಊರಿಗೆ ಲೈನೇ ಸಿಗುತ್ತಿಲ್ಲ” ಎಂದು ನನಗೆ ಫೋನ್ ಮಾಡಿದ ಇಬ್ಬರ ಮನೆಯಲ್ಲಿ ತೊಂದರೆ ಇದ್ದದ್ದು ಅಲ್ಲೇ. ಅದನ್ನು ಅಳಿಸಿ, ನಂಬರನ್ನು 0091ರಿಂದ ಶುರು ಮಾಡಿ.