ಕಿವಿಯ ಮುಂದಿನ ನೋವು

ಪ್ರಶ್ನೆ: ನನಗೆ 24 ವರ್ಷ. ಎರಡು ವರ್ಷಗಳಿಂದ ಬಲಗಿವಿಯ ಮುಂದೆ ನೋವಿದ್ದು, ಬಾಯಿ ತೆರೆದಾಗ ಟಕ್ಕೆಂದು ಸದ್ದಾಗುತ್ತದೆ. ಜೋಳದ ರೊಟ್ಟಿ ಅಗಿಯಲಾಗುತ್ತಿಲ್ಲ. ಕಿವಿಯಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳಿದ್ದಾರೆ. ಮುಂದೇನು ಮಾಡಲಿ?

ಉತ್ತರ: ಧೃತಿಗೆಡಬೇಡಿ. ಇದು ದವಡೆ ಕೀಲಿನ ತೊಂದರೆಯಂತೆ ಕಾಣುತ್ತದೆ. 20ರಿಂದ 40ರ ವಯಸ್ಸಿನವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಇದು ಹೆಚ್ಚು. ಕೀಲಿನೊಳಗಿನ ಮೆತ್ತನೆಯ ಬಿಲ್ಲೆ ಜಾಗ ತಪ್ಪಿ ಮರಳುವಾಗ ಸಾಮಾನ್ಯವಾಗಿ ಆ ಸದ್ದು ಬರುತ್ತದೆ. ಓದುವಾಗ, ಮೊಬೈಲ್ ನೋಡುವಾಗ ನಿಮಗರಿವಿಲ್ಲದೆಯೇ ಹಲ್ಲು ಕಚ್ಚಿ ಹಿಡಿಯುತ್ತಿದ್ದೀರಾ ಎಂದು ಗಮನಿಸಿ. ತುಟಿ ಮುಚ್ಚಿದ್ದರೂ ಮೇಲಿನ, ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗದಿದ್ದಾಗಲೇ ದವಡೆಗೆ ನಿಜವಾದ ವಿಶ್ರಾಂತಿ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹದವಾಗಿ ಶಾಖ ಕೊಡಿ. ದಂತವೈದ್ಯರನ್ನು ಅಗತ್ಯವಾಗಿ ಕಾಣಿರಿ. ಆದರೆ ಹಲ್ಲುಗಳನ್ನು ತೇಯ್ದು ಸವೆಸುವ ಅಥವಾ ಶಸ್ತ್ರಚಿಕಿತ್ಸೆಯ ಸಲಹೆಗೆ ಆರಂಭದಲ್ಲೇ ಒಪ್ಪಬೇಡಿ. ಬಾಯಿ ತೆರೆಯಲಾಗದೆ ಸಿಕ್ಕಿಕೊಂಡರೆ ಮಾತ್ರ ಒಂದು ದಿನವೂ ತಡಮಾಡಬೇಡಿ.