ಮಾಳಿಗೆ ಮೇಲಿನ ಮಾದರಿ ರೈಲಿಗೆ ನಮ್ಮ ಅದಿರಿನ ವ್ಯಾಗನ್ ಮಾಡಿದೆ, ತಿರುವಿನಲ್ಲಿ ಬೀಳುತ್ತದೆ. ಯಾಕೆ?

ನೀವು ಬರೆದದ್ದು ಇಷ್ಟು: ರಾಯಚೂರಿನಲ್ಲಿ ಮನೆ ಮಾಳಿಗೆ ಮೇಲೆ 45 ಮಿಮೀ ಅಂತರದ ಹಳಿ ಹಾಕಿದ್ದೀರಿ, ತಿರುವು 600 ಮಿಮೀ ತ್ರಿಜ್ಯದ್ದು. ಎಂಜಿನ್ ಜರ್ಮನ್ ಸೆಟ್ಟಿನದು, 1:22.5 ಅಳತೆ, ಅಂದರೆ ಅಸಲಿಯ 22.5ರಲ್ಲಿ ಒಂದು ಪಾಲು. ಅದೇ ಅಳತೆಯಲ್ಲಿ ಬಳ್ಳಾರಿ ಕಡೆಯ ಬಾಕ್ಸ್‌ಎನ್ ವ್ಯಾಗನ್ (ಅದಿರು, ಕಲ್ಲಿದ್ದಲು ಹೊರುವ ಮೇಲೆ ತೆರೆದ ಡಬ್ಬಿ) ಕೈಯಲ್ಲೇ ಮಾಡಿದ್ದೀರಿ. ನೇರ ಹಳಿಯಲ್ಲಿ ಓಡುತ್ತದೆ, ತಿರುವಿಗೆ ಬಂದರೆ ಬೀಳುತ್ತದೆ. ತೂಕ ಎಷ್ಟಿರಬೇಕು ಅಂತಲೂ ಕೇಳಿದ್ದೀರಿ.

ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ, ಅಳತೆಯಲ್ಲಿ ತಪ್ಪಿದೆ. ನಾನು ಬಳ್ಳಾರಿಯವನು, ಇದೇ ತಪ್ಪನ್ನು ಮಾಡಿ ಒಂದು ಬೇಸಿಗೆ ಕಳೆದವನು.

ನಿಮ್ಮ ಹಳಿಗೆ 1:22.5 ಅಂದರೆ ಮೀಟರ್ ಗೇಜಿನ ಲೆಕ್ಕ. (ಗೇಜ್ ಅಂದರೆ ಎರಡು ಹಳಿಗಳ ನಡುವಣ ಅಂತರ.) 1000 ಮಿಮೀಯನ್ನು 22.5ರಿಂದ ಭಾಗಿಸಿದರೆ 44.4 ಬರುತ್ತದೆ, ನಿಮ್ಮ ಹಳಿ ಅದೇ. ಹಿಂದೆ ಗುಂತಕಲ್–ಹೊಸಪೇಟೆ ದಾರಿಯಲ್ಲಿ ಓಡುತ್ತಿದ್ದ ಮೀಟರ್ ಗೇಜ್ ವ್ಯಾಗನ್ ಮಾಡುವುದಿದ್ದರೆ ನಿಮ್ಮ ಲೆಕ್ಕ ಸರಿ. ಬಾಕ್ಸ್‌ಎನ್ ಬ್ರಾಡ್ ಗೇಜಿನದು, 1676 ಮಿಮೀ. 45ರಿಂದ ಭಾಗಿಸಿ ನೋಡಿ, 37ಕ್ಕೆ ಬರುತ್ತದೆ. ಹಾಗಾಗಿ ನಿಮಗೆ ಬೇಕಾದ್ದು 1:37.

ಅಸಲಿ ವ್ಯಾಗನ್ನಿನಲ್ಲಿ ಎರಡು ಬೋಗಿಗಳ ಅಂತರ, ನಡುವಿನಿಂದ ನಡುವಿಗೆ, 6524 ಮಿಮೀ. (ಬೋಗಿ ಅಂದರೆ ಕೆಳಗಿನ ನಾಲ್ಕು ಚಕ್ರದ ಗಾಡಿ. ನಮ್ಮ ಜನ ಪ್ಯಾಸೆಂಜರ್ ಡಬ್ಬಿಗೇ ಬೋಗಿ ಅಂತಾರೆ, ಅದು ಬೇರೆ.) ನಿಮ್ಮ ಅಳತೆಯಲ್ಲಿ ಇದು 290 ಮಿಮೀ ಆಗುತ್ತದೆ. 600ರ ತಿರುವಿನಲ್ಲಿ ಡಬ್ಬಿಯ ಎರಡೂ ತುದಿ ಹಳಿಯ ನಡುಗೆರೆಯಿಂದ ಸುಮಾರು 22 ಮಿಮೀ ಹೊರಗೆ ಚಾಚುತ್ತವೆ. ಕೊಂಡಿಯನ್ನು ಡಬ್ಬಿಗೇ ಬಿಗಿದಿದ್ದರೆ ಅದು ಪಕ್ಕದ ವ್ಯಾಗನ್ನನ್ನೂ ಆಚೆಗೆ ಎಳೆಯುತ್ತದೆ. ಬೀಳದೆ ಇನ್ನೇನು ಮಾಡೀತು? 1:37ಕ್ಕೆ ಇಳಿಸಿದರೆ ಆ ಚಾಚು 8 ಮಿಮೀ ಮಾತ್ರ.

ಮಾಡಬೇಕಾದ ಅಳತೆ ಹೀಗೆ. ಡಬ್ಬಿಯ ಉದ್ದ 264 ಮಿಮೀ, ಕೊಂಡಿಯಿಂದ ಕೊಂಡಿಗೆ 290. ಅಗಲ 86, ಹಳಿಯಿಂದ ಎತ್ತರ 87. ಬೋಗಿಯಿಂದ ಬೋಗಿಗೆ 176. ಚಕ್ರದ ವ್ಯಾಸ 27. ಜರ್ಮನ್ ಎಂಜಿನ್ ಮುಂದೆ ವ್ಯಾಗನ್ ಸಣ್ಣದಾಗಿ ಕಾಣುತ್ತದೆ, ಅದಕ್ಕೆ ಉಪಾಯವಿಲ್ಲ. ನಾನಂತೂ ಎಂಜಿನ್ನಿನ ಡ್ರೈವರ್ ಗೊಂಬೆ ಕಿತ್ತು ಒಳಗಿಟ್ಟೆ. ಮನುಷ್ಯ ಕಾಣದಿದ್ದರೆ ಕಣ್ಣಿಗೆ ಅಷ್ಟು ಹೊಡೆಯುವುದಿಲ್ಲ.

ಈಗ ಬೋಗಿ. ಎಲ್ಲರೂ ಡಬ್ಬಿಯಿಂದ ಶುರು ಮಾಡುತ್ತಾರೆ, ನೋಡೋಕೆ ಚೆಂದ ಅಂತ. ದಯವಿಟ್ಟು ಬೋಗಿಯಿಂದ ಶುರು ಮಾಡಿ. ಬಾಕ್ಸ್‌ಎನ್ ಕೆಳಗಿರುವುದು ಕ್ಯಾಸ್ನಬ್ ಬೋಗಿ, ಎರಕದ ಉಕ್ಕಿನದು, ಪಕ್ಕದಲ್ಲಿ ಸ್ಪ್ರಿಂಗ್ ಕಾಣುತ್ತದೆ. ಅಮೆರಿಕದ ಗೂಡ್ಸ್ ಬೋಗಿಯೂ ಇದೇ ಜಾತಿ. ಅಲ್ಲಿನ 1:29 ಮಾದರಿ ಗಾಡಿಗಳೂ ಇದೇ 45 ಮಿಮೀ ಹಳಿ ಮೇಲೇ ಓಡುತ್ತವೆ. ಅವುಗಳ ಬೋಗಿಯಲ್ಲಿ ಎರಡು ಅಚ್ಚುಗಳ (ಆಕ್ಸಲ್‌ಗಳ) ಅಂತರ ಹೆಚ್ಚುಕಡಿಮೆ 58 ಮಿಮೀ, ಚಕ್ರ 29 ಮಿಮೀ. ನಿಮಗೆ ಬೇಕಾದ್ದು 54 ಮತ್ತು 27. ಇಷ್ಟು ಹತ್ತಿರ ಬರುವುದು ನಮ್ಮ ಅದೃಷ್ಟ ಅಲ್ವಾ? ಒಂದು ಜೊತೆ ತರಿಸಿಬಿಡಿ. ಪ್ಲಾಸ್ಟಿಕ್ಕಿನದೇ ಇರಲಿ. ಹಳಿಯಲ್ಲೇ ಕರೆಂಟ್ ಹರಿಯುವುದರಿಂದ ಒಂದು ಅಚ್ಚಿನ ಎರಡು ಚಕ್ರಗಳ ನಡುವೆ ಕರೆಂಟ್ ದಾಟಬಾರದು. ಲೇತ್‌ನಲ್ಲಿ ಅಚ್ಚುಸಮೇತ ಒಂದೇ ಕಬ್ಬಿಣದಲ್ಲಿ ಕಡೆದರೆ ಶಾರ್ಟ್ ಆಗುತ್ತದೆ. ಚಕ್ರಗಳ ಒಳಮುಖದ ಅಂತರ 40 ಮಿಮೀ ಇದೆಯಾ ಅಂತಲೂ ಅಳೆಯಿರಿ.

ಕೂರಿಸುವಾಗ ಒಂದು ಗುಟ್ಟಿದೆ. ಎರಡೂ ಬೋಗಿಗಳನ್ನು ಒಂದೇ ತರ ಬಿಗಿಯಬೇಡಿ. ಒಂದು ಬೋಗಿ ತಿರುಗಲಿ, ಆದರೆ ಎಡಬಲಕ್ಕೆ ವಾಲಬಾರದು. ಇನ್ನೊಂದರ ಸ್ಕ್ರೂ ಅರ್ಧ ಸುತ್ತು ಸಡಿಲ ಬಿಡಿ, ಅದು ಎಲ್ಲ ಕಡೆ ವಾಲಲಿ. ಮೂರು ಕಾಲಿನ ಸ್ಟೂಲ್ ಎಲ್ಲಿಟ್ಟರೂ ಕೂರುತ್ತದಲ್ಲ, ಅದೇ ಲೆಕ್ಕ. ಮಾಳಿಗೆ ಎಲ್ಲೂ ಸಮ ಇರುವುದಿಲ್ಲ, ಮಳೆನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ತಿರುವಿನಲ್ಲಿ ಬೋಗಿ ಎಂಟೊಂಬತ್ತು ಡಿಗ್ರಿ ತಿರುಗುತ್ತದೆ, ಅಷ್ಟಕ್ಕೆ ತಳದಲ್ಲಿ ಏನೂ ತಗುಲಬಾರದು. ಕೊಂಡಿ ಬೋಗಿಗೇ ಇರಲಿ. ಅಸಲಿಯಲ್ಲಿ ಹಾಗಿಲ್ಲ, ಗೊತ್ತು. ಆದರೆ ಅಸಲಿ ರೈಲಿಗೆ ಇಷ್ಟು ಕಡಿದಾದ ತಿರುವೂ ಇಲ್ಲ.

ಡಬ್ಬಿಗೆ ಫ್ಲೆಕ್ಸ್ ಅಂಗಡಿಯ ಸನ್‌ಬೋರ್ಡ್ (ಹಗುರ ನೊರೆ ಪ್ಲಾಸ್ಟಿಕ್ ಹಲಗೆ) ಬಳಸಬೇಡಿ. ಕುಯ್ಯೋಕೆ ಬೆಣ್ಣೆ ತರ ಇರುತ್ತದೆ, ಒಪ್ಪುತ್ತೇನೆ. ನನ್ನ ಮೊದಲ ವ್ಯಾಗನ್ ಅದರದ್ದೇ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮಾಳಿಗೆ ಮೇಲೆ ಮರೆತು ಬಂದೆ. ಸಂಜೆ ಹೋಗಿ ನೋಡಿದರೆ ಕರಿದ ಹಪ್ಪಳ! ಪಕ್ಕದಲ್ಲಿ ಅಮ್ಮ ಒಣಗಲು ಹಾಕಿದ್ದ ಸಂಡಿಗೆ ಮಾತ್ರ ನೆಟ್ಟಗಿತ್ತು. ನಿಮ್ಮ ಬಿಸಿಲೇನು ಕಮ್ಮಿಯಾ? ತಳಕ್ಕೆ 1 ಮಿಮೀ ಅಲ್ಯುಮಿನಿಯಂ ತಗಡು, ಗೋಡೆಗೆ 2 ಮಿಮೀ ಎಬಿಎಸ್ ಪ್ಲಾಸ್ಟಿಕ್ ಹಾಳೆ, ಅಂಟಿಗೆ ಎರಡು ಟ್ಯೂಬ್ ಕಲಸುವ ಎಪಾಕ್ಸಿ. ಪಕ್ಕದ ನಿಲುವು ಪಟ್ಟಿಗಳನ್ನು ಎಣಿಸಲು ಫೋಟೊ ಬೇಕಾಗುತ್ತದೆ. ರೈಲ್ವೆ ಗೇಟ್ ಹಾಕಿದಾಗ ಆಚೆ ನಿಂತು ತೆಗೆದರೆ ಸಾಕು, 58 ವ್ಯಾಗನ್ ಹೋಗುವಷ್ಟರಲ್ಲಿ ಬೇಕಾದಷ್ಟು ಸಿಗುತ್ತವೆ. ಯಾರ್ಡ್ ಒಳಗೆ ನುಗ್ಗಬೇಡಿ, ಅದು ಅಪರಾಧ.

ಮುಂದೆ ಮೀಟರ್ ಗೇಜ್ ವ್ಯಾಗನ್ ಮಾಡುವ ಮನಸ್ಸಾದರೆ ಅದಕ್ಕೆ ಸಾಲುಸಾಲು ರಿವೆಟ್ ಬೇಕು. ನಮ್ಮೂರ ಜೀನ್ಸ್ ಟೇಲರ್‌ಗಳ ಹತ್ತಿರ ಗುರುತು ಹಾಕುವ ಮುಳ್ಳುಚಕ್ರ ಇರುತ್ತದೆ. ತೆಳು ತಗಡಿನ ಹಿಂದಿನಿಂದ ಅದನ್ನು ಒತ್ತಿ ಉರುಳಿಸಿ, ಮುಂದೆ ರಿವೆಟ್ ಸಾಲು ಏಳುತ್ತದೆ.

ಬಣ್ಣಕ್ಕೆ ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಪ್ರೈಮರ್ ಸಾಕು, ಅದರ ಮೇಲೆ ಇನ್ನೇನೂ ಬೇಡ. ಅಕ್ಷರ ಬೈಕ್ ನಂಬರ್ ಹಾಕುವ ರೇಡಿಯಂ ಅಂಗಡಿಯಲ್ಲಿ ಕಟ್ ಮಾಡಿಸಿ. 4 ಮಿಮೀಗಿಂತ ಚಿಕ್ಕದು ಕೇಳಿದರೆ ಅವರೇ ಕೈ ಮುಗಿಯುತ್ತಾರೆ.

ಇನ್ನು ಲೋಡು. ತುಂಬಾ ಜನ ಅದಿರನ್ನು ಅಂಚಿನ ಮೇಲೆ ಗುಡ್ಡೆ ಹಾಕುತ್ತಾರೆ. ಅದು ಕಲ್ಲಿದ್ದಲಿನ ನೋಟ, ನಿಮ್ಮ ಶಕ್ತಿನಗರಕ್ಕೆ ಬರುವ ರೈಲಿನದು. ಬಾಕ್ಸ್‌ಎನ್ ಒಳಗೆ 56 ಘನ ಮೀಟರ್ ಜಾಗ ಇದೆ, ಮೂಲ ವಿನ್ಯಾಸದಲ್ಲಿ ಹೊರುವ ಭಾರ ಸುಮಾರು 59 ಟನ್. ಅದಿರಿನ ಪುಡಿ ಘನ ಮೀಟರಿಗೆ ಎರಡು ಟನ್ನಿಗಿಂತ ಜಾಸ್ತಿ ತೂಗುತ್ತದೆ. ಹಾಗಾಗಿ ಅರ್ಧ ಡಬ್ಬಿಗೇ ಭಾರ ಮುಗಿಯುತ್ತದೆ. ತೋರಣಗಲ್ಲಿನ ಮೇಲ್ಸೇತುವೆಯಿಂದ ಅದಿರಿನ ರೈಲನ್ನು ಕೆಳಗೆ ನೋಡಿದರೆ ಡಬ್ಬಿ ಖಾಲಿ ಇದೆಯೇನೋ ಅನಿಸುತ್ತದೆ, ತಳದಲ್ಲಿ ಕೆಂಪಗೆ ಕೂತಿರುತ್ತದೆ. ಹಾಗೇ ಮಾಡಿ: ಕೆಳಗೆ ಥರ್ಮಾಕೋಲ್, ಮೇಲೆ ಫೆವಿಕಾಲ್ ಹಚ್ಚಿ ಕೆಂಪು ಪುಡಿ ಉದುರಿಸಿ.

ಅಸಲಿ ಅದಿರಿನ ಧೂಳು ಮಾತ್ರ ಬೇಡ. ನಾನು ಸಂಡೂರು ರಸ್ತೆ ಬದಿಯಿಂದ ಒಂದು ಡಬ್ಬ ತುಂಬಿ ತಂದಿದ್ದೆ. ಅದರಲ್ಲಿ ಕಾಂತಕ್ಕೆ ಅಂಟುವ ಕಣಗಳಿದ್ದವು. ವಾರದೊಳಗೆ ಎಂಜಿನ್ ಮೋಟರಿನ ಒಳಗೆ ಗಡ್ಡ ಬೆಳೆದಿತ್ತು. ಮಾಮೂಲಿ ಮರಳಿಗೆ ರೆಡ್ ಆಕ್ಸೈಡ್ ಬಣ್ಣ ಹಚ್ಚಿ ಒಣಗಿಸಿ.

ತೂಕ ಕೇಳಿದ್ದಿರಿ. ಖಾಲಿ ವ್ಯಾಗನ್ 22.47 ಟನ್, 37ರ ಘನದಿಂದ ಭಾಗಿಸಿದರೆ ಸುಮಾರು 445 ಗ್ರಾಂ. ಅಷ್ಟಿದ್ದರೆ ಹಳಿ ಮೇಲೆ ಚೆನ್ನಾಗಿ ಕೂರುತ್ತದೆ. ಲೋಡ್ ತುಂಬಿದ್ದಕ್ಕೆ ಇದೇ ಲೆಕ್ಕ ಹಾಕಿದರೆ 1.6 ಕೆಜಿ ಬರುತ್ತದೆ, ಅದನ್ನು ಮಾಡಲು ಹೋಗಬೇಡಿ. ನಿಮ್ಮ ಎಂಜಿನ್ ಒಂದೆರಡು ಎಳೆದೀತು, ಹತ್ತು ಎಳೆಯುವುದಿಲ್ಲ. ಮತ್ತೆ ಈಗ ಮಾಡಿರುವ ದೊಡ್ಡ ವ್ಯಾಗನ್ ಬಿಸಾಡಬೇಡಿ. ನಮ್ಮ ಮನೆಯಲ್ಲಿ ಅಂಥದ್ದರಲ್ಲಿ ಈಗ ದೊಡ್ಡಪತ್ರೆ ಬೆಳೆದಿದೆ.