ಸೆಷನ್ ಅವಧಿ ಹೆಚ್ಚಿಸುವ ಮೊದಲು ಕಡತಗಳನ್ನು ಅಳಿಸುತ್ತಿರುವುದು ಯಾವುದೆಂದು ನೋಡಿ

ಲಾಗಿನ್ ಆದವರು ಕೆಲಸದ ನಡುವೆ ಏಕಾಏಕಿ ಹೊರಬೀಳುತ್ತಿದ್ದಾರೆ, ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸೆಷನ್ ಅವಧಿಯನ್ನು, ಅಂದರೆ ಲಾಗಿನ್ ಆದವರನ್ನು ಸರ್ವರ್ ನೆನಪಿಟ್ಟುಕೊಳ್ಳುವ ಕಾಲವನ್ನು, ಎಷ್ಟು ಗಂಟೆಗೆ ಏರಿಸಬೇಕು ಎಂದು ಕೇಳಿದ್ದೀರಿ. ಸದ್ಯಕ್ಕೆ ಏರಿಸಲೇಬೇಡಿ. ಅದೊಂದನ್ನೇ ನಂಬಿ ನಾವು ಒಂದು ಹಂಗಾಮಿನ ಬಹುಭಾಗವನ್ನು ಕಳೆದುಕೊಂಡೆವು.

ಮೈಸೂರಿನಲ್ಲಿದ್ದುಕೊಂಡು ಮಂಡ್ಯದ ಬೆಲ್ಲದ ಮಂಡಿಯೊಂದಕ್ಕೆ ತೂಕ, ದರ, ರೈತರ ಬಾಕಿಯನ್ನು ದಾಖಲಿಸುವ ತಂತ್ರಾಂಶ ಮಾಡಿಕೊಟ್ಟಿದ್ದೆವು. ಗುಮಾಸ್ತರು ರೈತರೊಬ್ಬರ ಲೆಕ್ಕ ತೆರೆದಿಟ್ಟು, ಗಾಡಿಯ ಬೆಲ್ಲವೆಲ್ಲ ಇಳಿದು ತೂಕವಾಗುವವರೆಗೆ ಕಾದು, ಕೊನೆಗೆ ಸೇವ್ ಒತ್ತಿದರೆ ಕೆಲವೊಮ್ಮೆ ಲಾಗಿನ್ ಪುಟ ಬರುತ್ತಿತ್ತು, ತುಂಬಿದ್ದೆಲ್ಲ ಹೋಗಿರುತ್ತಿತ್ತು. ಹಣಕ್ಕಾಗಿ ಕಾದು ನಿಂತ ರೈತರಿಗೆ ಇದನ್ನು ಹೇಗೆ ವಿವರಿಸುವುದು?

ಸೆಷನ್ ಅವಧಿಯನ್ನು ನಿಗದಿಪಡಿಸುವ ಸೆಷನ್ ಜಿಸಿ ಮ್ಯಾಕ್ಸ್‌ಲೈಫ್‌ಟೈಮ್ (session.gc_maxlifetime) ಎಂಬ ಮೌಲ್ಯ ಮೂಲದಲ್ಲಿ 1440 ಸೆಕೆಂಡು, ಅಂದರೆ 24 ನಿಮಿಷ. ನಾನು ನಮ್ಮ ಕೋಡಿನಲ್ಲಿ ಅದನ್ನು 14400 ಮಾಡಿದೆ. ಪ್ರಯೋಜನವಾಗಲಿಲ್ಲ. ಅದೇ ಸರ್ವರ್‌ನಲ್ಲಿ ಮತ್ತೊಂದು ಸಣ್ಣ ಜಾಲತಾಣವೂ ಇತ್ತು, ಲಾಗಿನ್ ಆದವರ ವಿವರ ಬರೆದಿಡುವ ಸೆಷನ್ ಕಡತಗಳು ಎರಡರದ್ದೂ ಒಂದೇ ಫೋಲ್ಡರ್‌ಗೆ ಬೀಳುತ್ತಿದ್ದವು ಎಂಬುದನ್ನು ನಾನು ನೋಡಿರಲೇ ಇಲ್ಲ. ಹಳೆಯ ಕಡತಗಳನ್ನು ಗುಡಿಸುವಾಗ ಪಿಎಚ್‌ಪಿಯು ಪ್ರತಿ ಕಡತ ಯಾವ ತಂತ್ರಾಂಶದ್ದೆಂದು ಕೇಳುವುದಿಲ್ಲ, ಕೊನೆಯ ಬಾರಿ ಬದಲಾದ ಹೊತ್ತನ್ನಷ್ಟೇ ನೋಡುತ್ತದೆ. ಆ ಜಾಲತಾಣದ ಅವಧಿ 24 ನಿಮಿಷವೇ ಆಗಿದ್ದರಿಂದ, ಅದರ ಪಾಳಿಯಲ್ಲಿ ಗುಡಿಸುವಿಕೆ ನಡೆದಾಗಲೆಲ್ಲ ನಮ್ಮ ಕಡತಗಳೂ ಹೋಗುತ್ತಿದ್ದವು. ಫೋಲ್ಡರ್ ಹಂಚಿಕೊಂಡವರಲ್ಲಿ ಅತಿ ಕಡಿಮೆ ಅವಧಿಯವರ ಮಾತೇ ನಡೆಯುತ್ತದೆ. ಗುಡಿಸುವಿಕೆಯೂ ಪ್ರತಿ ಸಲ ಆಗುವುದಿಲ್ಲ. ಮೂಲ ಸಂಯೋಜನೆಯಲ್ಲಿ ನೂರರಲ್ಲಿ ಒಂದು ಸಂಭವ. ಹೀಗಾಗಿ ನಮ್ಮ ಕಚೇರಿಯಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿರುತ್ತಿತ್ತು.

ನೀವು ಮೊದಲು ಬ್ರೌಸರ್ ಕಳುಹಿಸುತ್ತಿರುವ ಕುಕಿಯನ್ನು, ಅಂದರೆ ಸೆಷನ್‌ನ ಐಡಿ ಹೊತ್ತ ಸಣ್ಣ ಗುರುತನ್ನು, ನೋಡಿ. ಅದರಲ್ಲಿ ಹಳೆಯ ಐಡಿಯೇ ಇದ್ದು, ಸರ್ವರ್‌ನಲ್ಲಿ ಆ ಕಡತ ಇಲ್ಲದಿದ್ದರೆ ಅಥವಾ ಖಾಲಿಯಿದ್ದರೆ ನಿಮ್ಮದೂ ಬಹುಶಃ ನಮ್ಮ ಕಥೆಯೇ. ಕುಕಿಯೇ ಬರುತ್ತಿಲ್ಲವೆಂದರೆ ಅದು ಡೊಮೇನ್ ಅಥವಾ ಸೇಮ್‌ಸೈಟ್ (ಬೇರೆ ತಾಣದಿಂದ ಬರುವಾಗ ಕುಕಿ ಕಳುಹಿಸಬೇಕೇ ಎಂಬ ನಿಯಮ) ವಿಷಯ. ಹಣ ಪಾವತಿ ಪುಟದಿಂದ ಮರಳಿದಾಗ ಮಾತ್ರ ಹೀಗಾಗುತ್ತಿದ್ದರೆ ಅಲ್ಲೇ ಹುಡುಕಿ. ಈ ಎರಡರಲ್ಲಿ ಯಾವುದೇ ಕಾರಣವಾಗಿದ್ದರೂ ಅವಧಿ ಏರಿಸುವುದರಿಂದ ಸರಿಹೋಗದು.

ನಾವು ನಮ್ಮ ತಂತ್ರಾಂಶಕ್ಕೆ ಪ್ರತ್ಯೇಕ ಸೇವ್ ಪಾತ್ (ಸೆಷನ್ ಕಡತಗಳನ್ನು ಇಡುವ ಫೋಲ್ಡರ್) ಕೊಟ್ಟ ಮೇಲೆ ಆ ದೂರು ನಿಂತಿತು. ನೀವೂ ಹಾಗೆ ಮಾಡುವುದಾದರೆ, ಉಬುಂಟು ಎಂಬ ಲಿನಕ್ಸ್ ಸರ್ವರ್‌ನಲ್ಲಿ ಗುಡಿಸುವ ಸಂಭವವನ್ನು ಹೇಳುವ ಜಿಸಿ ಪ್ರಾಬಬಿಲಿಟಿ ಮೂಲದಲ್ಲಿ 0 ಆಗಿದ್ದು ಗುಡಿಸುವ ಕೆಲಸವನ್ನು ಹಿನ್ನೆಲೆಯ ನಿಗದಿತ ಕಾರ್ಯವೊಂದು ಮಾಡುತ್ತದೆ ಎಂಬುದನ್ನು ಗಮನಿಸಿ. ಕೋಡಿನೊಳಗೆ ಕೊಟ್ಟ ಹೊಸ ಫೋಲ್ಡರ್ ಅದಕ್ಕೆ ತಿಳಿಯುವುದಿಲ್ಲವಾದ್ದರಿಂದ, ಅಲ್ಲಿ ಆ ಮೌಲ್ಯವನ್ನು 1 ಮಾಡಿಕೊಳ್ಳಿ.